ಅರವತ್ತಕ್ಕೂ ಎಪ್ಪತ್ತಕ್ಕೂ ನಡುವಿನ ಹಳ್ಳ

ನವೆಂಬರ್ ಬಂತೆಂದರೆ ಪಾಂಡವಪುರ, ಕೆ.ಆರ್. ಪೇಟೆಯ ಬ್ಯಾಂಕುಗಳ ಮುಂದೆ ಬಾಗಿಲು ತೆರೆಯುವ ಮೊದಲೇ ಸಾಲು ಬೆಳೆಯುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಪಾಸ್‌ಬುಕ್ಕು, ಆಧಾರ್, ಪಿಂಚಣಿ ಆದೇಶದ ಜೆರಾಕ್ಸು. ನಿವೃತ್ತ ಮೇಷ್ಟ್ರುಗಳು, ನೀರಾವರಿ ಇಲಾಖೆಯಲ್ಲಿ ನಾಲೆ ಕಾಯ್ದವರು, ಗಂಡನ ಪಿಂಚಣಿ ನಂಬಿದ ಹೆಂಗಸರು, ಎಲ್ಲರೂ ಜೀವಿತ ಪ್ರಮಾಣಪತ್ರ ಕೊಡಲು ಬಂದವರು. ಸವೆದ ಬೆರಳನ್ನು ಯಂತ್ರ ಗುರುತಿಸುವ ತನಕ ಮಾತಿಗೆ ಬರವಿಲ್ಲ. ಯಾರಿಗೆ ಸ್ಟೆಂಟ್ ಹಾಕಿದರು, ಯಾರು ಮಂಡಿ ಬದಲಾಯಿಸಿಕೊಂಡರು, ಮೈಸೂರಿನಲ್ಲಿ ಬಿಲ್ಲು ಎಷ್ಟಾಯಿತು.

ಬದುಕಿದ್ದೀರಾ ಎಂದು ವರ್ಷಕ್ಕೊಮ್ಮೆ ಸರ್ಕಾರ ಕೇಳುತ್ತದೆ. ಆಸ್ಪತ್ರೆ ಖರ್ಚಿಗೆ ಏನು ಮಾಡಿಕೊಂಡಿದ್ದೀರಿ ಎಂದು ಕೇಳುವವರೂ ಅದೇ ಬ್ಯಾಂಕಿನಲ್ಲಿದ್ದಾರೆ, ಪಕ್ಕದ ಮೇಜಿನಲ್ಲಿ. ಅವರು ಇನ್ಶೂರೆನ್ಸ್ ಮಾರುವವರು.

ಆ ಮೇಜಿನ ಮುಂದೆ ಕೂರುವ ಮೊದಲು ನಿವೃತ್ತರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. 'ಟಾಪ್-ಅಪ್' ಎಂಬ ಮಾತು ಈಗ ಮೊಬೈಲ್ ರೀಚಾರ್ಜಿನಷ್ಟೇ ಸಲೀಸಾಗಿ ಎಲ್ಲರ ಬಾಯಲ್ಲಿದೆ. ಸರ್ಕಾರದ ಕಾರ್ಡು ಹೇಗೂ ಇದೆ, ಅದರ ಮೇಲೊಂದು ಚಿಕ್ಕ ಪಾಲಿಸಿ ಇಟ್ಟುಕೊಂಡರೆ ಸಾಕು ಎಂಬ ಸಲಹೆ ಕೇಳಲು ಚೆಂದ. ಆದರೆ ಕೆಳಗೆ ಇದೆ ಎಂದುಕೊಂಡಿರುವ ಆ ಕಾರ್ಡು ನಿಜಕ್ಕೂ ಇದೆಯೇ, ಇದ್ದರೂ ಎಷ್ಟಕ್ಕೆ, ಎಲ್ಲಿ ನಡೆಯುತ್ತದೆ? ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಸರ್ಕಾರಿ ನಿವೃತ್ತರ ಮಟ್ಟಿಗೆ ಉತ್ತರ ಅಷ್ಟೇನೂ ಹಿತವಾಗಿಲ್ಲ.

ನಿವೃತ್ತರಲ್ಲೂ ಜಾತಿಗಳಿವೆ. ರೈಲ್ವೆಯಲ್ಲಿದ್ದವರಿಗೆ ಮೈಸೂರಿನ ರೈಲ್ವೆ ಆಸ್ಪತ್ರೆಯಿದೆ. ಸೇನೆಯಿಂದ ಬಂದವರಿಗೆ 2003ರ ಏಪ್ರಿಲ್‌ನಿಂದ ಇಸಿಎಚ್‌ಎಸ್ ಇದೆ. ಅಂಚೆ, ದೂರವಾಣಿಯಂಥ ಕೇಂದ್ರ ಇಲಾಖೆಗಳ ನಿವೃತ್ತರು ಸಿಜಿಎಚ್‌ಎಸ್ ಕಾರ್ಡು ಮಾಡಿಸಬಹುದು, ಅವರ ದವಾಖಾನೆ ಹತ್ತಿರದಲ್ಲೆಂದರೆ ಮೈಸೂರಿನಲ್ಲಿ. ಸಿಜಿಎಚ್‌ಎಸ್ ವ್ಯಾಪ್ತಿಯ ಹೊರಗೆ ವಾಸಿಸುವ ಕೇಂದ್ರದ ಪಿಂಚಣಿದಾರರಿಗೆ ಹೊರರೋಗಿ ಖರ್ಚಿಗೆಂದು ತಿಂಗಳಿಗೆ 1,000 ರೂಪಾಯಿ ನಿಗದಿತ ವೈದ್ಯಕೀಯ ಭತ್ಯೆಯೂ ಉಂಟು. ಬ್ಯಾಂಕ್ ನಿವೃತ್ತರಿಗೆ ಸಂಘಗಳು ಹೋರಾಡಿ ಪಡೆದ ಗುಂಪು ವಿಮೆಯಿದೆ. ಮೂಲ ಪಾಲಿಸಿ, ಬೇಕೆಂದವರಿಗೆ ಮೇಲೊಂದು ಸೂಪರ್ ಟಾಪ್-ಅಪ್. ಕಂತು ಏರಿದಾಗಲೆಲ್ಲ ಅವರೂ ಗೊಣಗುತ್ತಾರೆ, ಆದರೆ ಗೊಣಗಲು ಒಂದು ಪಾಲಿಸಿಯಾದರೂ ಇದೆ. ಕಾರ್ಖಾನೆಯಲ್ಲಿ ಇಎಸ್‌ಐ ಕಟ್ಟಿದ್ದವರ ವಿಷಯ ಬಹಳ ಮಂದಿಗೆ ಗೊತ್ತೇ ಇಲ್ಲ: ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ-ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ತಿಂಗಳಿಗೆ ಹತ್ತು ರೂಪಾಯಿ. ಹೋಟೆಲಿನ ಒಂದು ಕಾಫಿಗೂ ಅದು ಸಾಲದು.

ಉಳಿದವರು ರಾಜ್ಯ ಸರ್ಕಾರದ ನಿವೃತ್ತರು. ಶಾಲೆ, ಕಂದಾಯ, ಆರೋಗ್ಯ, ಪಂಚಾಯಿತಿ, ನೀರಾವರಿ; ತಾಲ್ಲೂಕು ಕೇಂದ್ರದ ಯಾವ ಬೀದಿಗೆ ಹೋದರೂ ಸಿಗುವವರು ಇವರೇ. ಸೇವೆಯಲ್ಲಿದ್ದಷ್ಟು ದಿನ 1963ರ ವೈದ್ಯಕೀಯ ಹಾಜರಾತಿ ನಿಯಮಗಳಡಿ ಬಿಲ್ಲಿನ ಹಣ ಮರಳಿ ಬರುತ್ತಿತ್ತು. ದೊಡ್ಡ ಕಾಯಿಲೆಗೆ ಜ್ಯೋತಿ ಸಂಜೀವಿನಿ ಇತ್ತು. 2025ರ ಅಕ್ಟೋಬರ್ 1ರಿಂದ ನೌಕರರಿಗೆ ನಗದುರಹಿತ ಚಿಕಿತ್ಸೆಯ ಕರ್ನಾಟಕ ಆರೋಗ್ಯ ಸಂಜೀವಿನಿ ಬಂದಿದೆ. ಅದಕ್ಕಾಗಿ 'ಎ' ವೃಂದದವರ ಸಂಬಳದಿಂದ ತಿಂಗಳಿಗೆ 1,000, 'ಬಿ'ಯಿಂದ 500, 'ಸಿ'ಯಿಂದ 350, 'ಡಿ'ಯಿಂದ 250 ರೂಪಾಯಿ ಕಡಿತ. ಆದರೆ ಇವೆಲ್ಲ ಕೆಲಸದಲ್ಲಿರುವವರಿಗೆ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಡುವಾಗ ಈ ರಕ್ಷಣೆಯನ್ನೂ ಜತೆಯಲ್ಲೇ ಬಿಡಿಸಿಕೊಳ್ಳಲಾಗುತ್ತದೆ. ಭಾಷಣ ಮಾಡುವವರಾರೂ ಅದನ್ನು ಹೇಳುವುದಿಲ್ಲ.

ಆಮೇಲೆ ಉಳಿಯುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರಲ್ಲಿ ರಾಜ್ಯದ ಯೋಜನೆಯೂ ಕೇಂದ್ರದ್ದೂ ಒಂದಾಗಿ ಹುಟ್ಟಿದ ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜು ದರದ ಶೇ. 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಸರ್ಕಾರಿ ಪಿಂಚಣಿ ಪಡೆಯುವ ಮೇಷ್ಟ್ರ ಮನೆಯಲ್ಲಿರುವುದು ಎಪಿಎಲ್ ಕಾರ್ಡೇ. ಒಂದು ಚಿಕಿತ್ಸೆಯ ಪ್ಯಾಕೇಜು ದರ ಒಂದು ಲಕ್ಷ ಎಂದಿಟ್ಟುಕೊಂಡರೆ ಸರ್ಕಾರದ ಪಾಲು 30 ಸಾವಿರ, ಮೇಷ್ಟ್ರ ಪಾಲು 70 ಸಾವಿರ. 'ಐದು ಲಕ್ಷದ ಕಾರ್ಡು' ಎಂದು ಊರೆಲ್ಲ ಕರೆಯುವುದರಿಂದ ಆಗುವ ಮೋಸ ಇದು. ಐದು ಲಕ್ಷ ಎದುರುಮನೆಯ ಕೂಲಿ ಕಾರ್ಮಿಕನದು. ಅದು ಸರಿಯೇ, ಆಗಬೇಕಾದದ್ದೇ. ಮೇಷ್ಟ್ರು ಅದನ್ನು ತಮ್ಮದೆಂದು ನಂಬಿ ಲೆಕ್ಕ ಹಾಕಬಾರದು, ಅಷ್ಟೆ.

ಎಪ್ಪತ್ತು ದಾಟಿದರೆ ಲೆಕ್ಕ ಬದಲಾಗಬೇಕು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಹೆಸರಿನಲ್ಲಿ ವರ್ಷಕ್ಕೆ 5 ಲಕ್ಷದ ರಕ್ಷಣೆ ಪ್ರಕಟಿಸಿತು. ಗಂಡ-ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಆ ಐದು ಲಕ್ಷ ಇಬ್ಬರಿಗೂ ಸೇರಿ. ಆದರೆ ವಿ.ಸಿ. ನಾಲೆಗೆ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಪತ್ರಿಕೆಯಲ್ಲಿ ಓದಿದಾಕ್ಷಣ ನಾಲೆಯ ಕೊನೆಯಲ್ಲಿರುವ ರೈತ ನಾಟಿಗೆ ಆಳು ಕರೆಯುವುದಿಲ್ಲ. ತೂಬಿನ ಬಳಿ ಹೋಗಿ ನೋಡಿಯೇ ನಂಬುತ್ತಾನೆ. ಕಾರ್ಡಿನ ವಿಷಯದಲ್ಲೂ ಅದೇ ಬುದ್ಧಿ ಬೇಕು. ತಾನು ಹೋಗುವ ಆಸ್ಪತ್ರೆಯಲ್ಲಿ, ತನಗೆ ಬೇಕಾದ ಚಿಕಿತ್ಸೆಗೆ ಅದು ನಡೆಯುತ್ತದೆಯೇ ಎಂದು ಅಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಆರೋಗ್ಯವಾಗಿರುವಾಗಲೇ ಕೇಳಿಕೊಳ್ಳಬೇಕು.

ಹೀಗೆ ಅರವತ್ತರಿಂದ ಎಪ್ಪತ್ತರವರೆಗೆ ಹತ್ತು ವರ್ಷದ ಒಂದು ಹಳ್ಳ. ಬಿಪಿ, ಶುಗರು ತಮ್ಮ ಕೆಲಸ ಶುರು ಮಾಡುವ, ಕಣ್ಣಿಗೆ ಪೊರೆ ಬರುವ, ಮಂಡಿ ಸವೆಯುವ, ಎದೆ ಹಿಡಿಯುವ ಹತ್ತು ವರ್ಷ. ಪೂರಕ ವಿಮೆಯ ಮಾತು ಈ ಹಳ್ಳದ ದಡದಿಂದಲೇ ಆರಂಭವಾಗಬೇಕು.

ಟಾಪ್-ಅಪ್ ಎಂದರೇನು ಎಂಬುದನ್ನು ಮಂಡ್ಯ ಜಿಲ್ಲೆಯವರಿಗೆ ವಿವರಿಸುವುದು ಸುಲಭ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಟಾಪ್-ಅಪ್ ಪಾಲಿಸಿ ಅಂಥದೊಂದು ಗುರುತು ಹಾಕಿಕೊಂಡಿರುತ್ತದೆ. ಖರ್ಚು ಆ ಗುರುತಿನ ತನಕ ಏರುವವರೆಗೆ ಕಂಪನಿ ಒಂದು ಪೈಸೆ ಕೊಡುವುದಿಲ್ಲ, ಮೀರಿದ್ದನ್ನಷ್ಟೇ ಕೊಡುತ್ತದೆ. ಈ ಗುರುತಿಗೆ ಅವರ ಭಾಷೆಯಲ್ಲಿ 'ಡಿಡಕ್ಟಿಬಲ್'. ಸಾದಾ ಟಾಪ್-ಅಪ್‌ನಲ್ಲಿ ಪ್ರತಿ ಬಾರಿ ಆಸ್ಪತ್ರೆ ಸೇರಿದಾಗಲೂ ಕಟ್ಟೆ ಬರಿದಾಗಿ ಮತ್ತೆ ತಳದಿಂದ ತುಂಬಬೇಕು. ಸೂಪರ್ ಟಾಪ್-ಅಪ್‌ನಲ್ಲಿ ವರ್ಷವಿಡೀ ಬಂದ ನೀರೆಲ್ಲ ಒಟ್ಟು ಸೇರುತ್ತದೆ. ಗುರುತು 5 ಲಕ್ಷ, ವರ್ಷದಲ್ಲಿ ಒಮ್ಮೆ 4 ಲಕ್ಷ, ಇನ್ನೊಮ್ಮೆ 3 ಲಕ್ಷ ಬಿಲ್ಲಾಯಿತು ಎನ್ನಿ. ಸಾದಾ ಟಾಪ್-ಅಪ್ ಕೊಡುವುದು ಸೊನ್ನೆ, ಏಕೆಂದರೆ ಯಾವ ಬಿಲ್ಲೂ ಒಂಟಿಯಾಗಿ 5 ಲಕ್ಷ ಮುಟ್ಟಲಿಲ್ಲ. ಸೂಪರ್ ಟಾಪ್-ಅಪ್ 2 ಲಕ್ಷ ಕೊಡುತ್ತದೆ. ಹೆಸರಿನಲ್ಲಿ ಒಂದು 'ಸೂಪರ್' ಅಷ್ಟೇ ಹೆಚ್ಚು. ಮಾರುವವರು ಅದನ್ನು ನುಂಗಿ ಮಾತಾಡಿದರೆ ಕೊಳ್ಳುವವರಿಗೆ ಗೊತ್ತಾಗುವುದು ಕ್ಲೇಮಿನ ದಿನ.

ಸೂಪರ್ ಟಾಪ್-ಅಪ್ ಅಗ್ಗ, ನಿಜ. ಆದರೆ ಗುರುತಿನ ಕೆಳಗಿನ ಕಟ್ಟೆಯನ್ನು ತುಂಬುವವರು ಯಾರು? ಬ್ಯಾಂಕ್ ನಿವೃತ್ತರಿಗೆ ಮೂಲ ಪಾಲಿಸಿ ತುಂಬುತ್ತದೆ. ಸಿಜಿಎಚ್‌ಎಸ್‌ನವರು ಖಾಸಗಿ ಪಾಲಿಸಿಯನ್ನೂ ಇಟ್ಟುಕೊಂಡಿದ್ದರೆ ಮೊದಲು ಕಂಪನಿಯಿಂದ ಪಡೆದು, ಉಳಿದದ್ದಕ್ಕೆ ಸಿಜಿಎಚ್‌ಎಸ್‌ಗೆ ಅರ್ಜಿ ಹಾಕಲು ಅವಕಾಶವಿದೆ. ಎರಡೂ ಸೇರಿ ಬಿಲ್ಲನ್ನು ಮೀರಬಾರದು. ಅವರ ಮಟ್ಟಿಗೆ 'ಪೂರಕ' ಎಂಬ ಮಾತಿಗೆ ಅರ್ಥವಿದೆ. ಆರೋಗ್ಯ ಕರ್ನಾಟಕದ ಕಾರ್ಡು ಹಾಗಲ್ಲ. ಅದು ಬಿಲ್ಲಿಗೆ ಕೊಡುವ ಹಣವಲ್ಲ, ಒಂದು ಬೇರೆಯೇ ದಾರಿ. ತಾಲ್ಲೂಕು ಆಸ್ಪತ್ರೆಯಿಂದ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬೇಕು, ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಪಡೆದು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯ ಚಿಕಿತ್ಸೆಗಳಿಗೆ ಮಾತ್ರ ಪತ್ರ ಬೇಡ. ದರ ಪ್ಯಾಕೇಜಿನದು, ವಾರ್ಡು ಸಾಮಾನ್ಯದ್ದು. ಪತ್ರವಿಲ್ಲದೆ ನೇರವಾಗಿ ಹೋಗಿ ಪ್ರತ್ಯೇಕ ಕೋಣೆ ಹಿಡಿದು, 'ಐದು ಲಕ್ಷ ಕಾರ್ಡಿನಿಂದ ಹೋಗಲಿ, ಮೇಲಿನದು ಟಾಪ್-ಅಪ್‌ನಿಂದ' ಎನ್ನಲು ಬರುವುದಿಲ್ಲ. ಕಾರ್ಡನ್ನು ನಂಬಿ 5 ಲಕ್ಷದ ಗುರುತಿನ ಟಾಪ್-ಅಪ್ ಕೊಂಡವರು ಆ ದಿನ ಮೊದಲ ಐದು ಲಕ್ಷಕ್ಕೆ ಗ್ರಾಚ್ಯುಟಿ ಹಣದ ಠೇವಣಿ ಮುರಿಯಬೇಕಾಗುತ್ತದೆ.

ಆದ್ದರಿಂದ ಅರವತ್ತರ ಆಸುಪಾಸಿನ ರಾಜ್ಯ ನಿವೃತ್ತರು ಮೊದಲು ನೋಡಬೇಕಾದದ್ದು ಸಣ್ಣದಾದರೂ ತಳದಿಂದಲೇ ಕೊಡುವ ಮೂಲ ಪಾಲಿಸಿಯನ್ನು. ಸೂಪರ್ ಟಾಪ್-ಅಪ್ ಅದರ ಮೇಲೆ.

ಇಲ್ಲೊಂದು ಹೆಸರಿನ ಗೊಂದಲವನ್ನೂ ಬಿಡಿಸಬೇಕು. ಹನುಮಂತ ಸಂಜೀವಿನಿ ಗಿಡ ಯಾವುದೆಂದು ತಿಳಿಯದೆ ಬೆಟ್ಟವನ್ನೇ ಹೊತ್ತು ತಂದನಂತೆ. ನಮ್ಮಲ್ಲೂ ಸಂಜೀವಿನಿಗಳು ಮೂರು. ಜ್ಯೋತಿ ಸಂಜೀವಿನಿ, ಕರ್ನಾಟಕ ಆರೋಗ್ಯ ಸಂಜೀವಿನಿ ಇವೆರಡೂ ಸರ್ಕಾರಿ ನೌಕರರ ಯೋಜನೆಗಳು. 'ಆರೋಗ್ಯ ಸಂಜೀವನಿ ಪಾಲಿಸಿ' ಸರ್ಕಾರದ್ದಲ್ಲ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್‌ನಿಂದ ತಂದ ಮಾದರಿ ಪಾಲಿಸಿ ಅದು. ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇ. 2, ದಿನಕ್ಕೆ 5,000 ದಾಟದಂತೆ; ಒಂದು ಕಣ್ಣಿನ ಪೊರೆಗೆ ಹೆಚ್ಚೆಂದರೆ 40 ಸಾವಿರ; ಪ್ರತಿ ಕ್ಲೇಮಿನಲ್ಲೂ ಶೇ. 5 ರೋಗಿಯ ಪಾಲು. ಬೆಡಗಿಲ್ಲದ ಪಾಲಿಸಿ, ಆದರೆ ಷರತ್ತು ಎಲ್ಲೆಡೆ ಒಂದೇ ಆಗಿರುವುದರಿಂದ ಕಂತನ್ನಷ್ಟೇ ಹೋಲಿಸಿ ನೋಡಬಹುದು. ತಾಲ್ಲೂಕು ಕೇಂದ್ರದ ಹಿರಿಯರಿಗೆ ಇದು ಕಡಿಮೆ ಅನುಕೂಲವಲ್ಲ.

ಅಮೆರಿಕದಲ್ಲಿ ಮಕ್ಕಳಿರುವ ಶ್ರೀರಂಗಪಟ್ಟಣದ ತಂದೆತಾಯಿಯರಿಗೆ 'ಮೆಡಿಕೇರ್' ಎಂಬ ಮಾತು ಹೊಸದಲ್ಲ. 65 ದಾಟಿದವರಿಗೆ 1965ರ ಕಾಯ್ದೆಯಿಂದ ಅಲ್ಲಿ ಬಂದ ಸರ್ಕಾರಿ ವಿಮೆ ಅದು. ಅದು ಬಿಟ್ಟ ಸಂದುಗಳನ್ನು ಮುಚ್ಚಲು 'ಮೆಡಿಗ್ಯಾಪ್' ಎಂಬ ಖಾಸಗಿ ಪಾಲಿಸಿಗಳಿವೆ. ಅವಕ್ಕೆ ಎ, ಬಿ, ಜಿ, ಎನ್ ಎಂದು ಅಕ್ಷರಗಳೇ ಹೆಸರು. ಒಂದು ಅಕ್ಷರದ ಪಾಲಿಸಿಯನ್ನು ಯಾವ ಕಂಪನಿಯಿಂದ ಕೊಂಡರೂ ಸೌಲಭ್ಯ ಅದೇ. ಜತೆಗೆ 65 ತುಂಬಿ ಮೆಡಿಕೇರ್‌ನ 'ಬಿ' ಭಾಗಕ್ಕೆ ಸೇರಿದ ಮೇಲೆ ಆರು ತಿಂಗಳು ಕಾಯಿಲೆಯ ಕಾರಣ ಹೇಳಿ ಯಾರನ್ನೂ ನಿರಾಕರಿಸುವಂತಿಲ್ಲ. ಸರ್ಕಾರ ತಳ ಹಾಕಿದೆ, ಸಂದು ಎಲ್ಲೆಲ್ಲಿ ಎಂದು ಗೆರೆ ಎಳೆದಿದೆ, ಮುಚ್ಚುವವರಿಗೆ ಅಳತೆ ಕೊಟ್ಟಿದೆ. ನಮ್ಮಲ್ಲಿ ಸಂದು ಎಲ್ಲಿದೆ ಎಂಬುದೇ ಆಸ್ಪತ್ರೆಯ ಕ್ಯಾಷ್ ಕೌಂಟರಿನಲ್ಲಿ ಗೊತ್ತಾಗುತ್ತದೆ.

ನಿಯಮಗಳು ಹಿರಿಯರ ಕಡೆಗೆ ಸ್ವಲ್ಪ ಬಾಗಿವೆ ಎನ್ನುವುದನ್ನೂ ಹೇಳಬೇಕು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆನ್ನುವ ಪರಿಪಾಠಕ್ಕೆ 2024ರ ಏಪ್ರಿಲ್‌ನಲ್ಲಿ ತಡೆ ಬಿತ್ತು. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿ ನಾಲ್ಕು ವರ್ಷದಿಂದ ಗರಿಷ್ಠ ಮೂರಕ್ಕೆ ಇಳಿಯಿತು. ಐದು ವರ್ಷ ಬಿಡದೆ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಕಾಯಿಲೆ ಮುಚ್ಚಿಟ್ಟಿರಿ ಎಂಬ ನೆಪ ನಡೆಯುವುದಿಲ್ಲ. 2025ರ ಜನವರಿಯಿಂದ ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ಕಂಪನಿ ಪ್ರಾಧಿಕಾರವನ್ನು ಕೇಳಬೇಕು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ಹೋಯಿತು.

ಈ ಮೂರು ವರ್ಷದ ಕಾಯುವಿಕೆಯೇ ಇಡೀ ವಿಷಯದ ಕೀಲಿ. ಅರವತ್ತಕ್ಕೆ ಪಾಲಿಸಿ ಕೊಂಡವರ ಶುಗರಿಗೆ, ಬಿಪಿಗೆ ಅರವತ್ಮೂರರವರೆಗೆ ರಕ್ಷಣೆ ಸಿಗದೇ ಹೋಗಬಹುದು. ಐವತ್ತೇಳಕ್ಕೆ ಕೊಂಡಿದ್ದರೆ ಬೀಳ್ಕೊಡುಗೆಯ ದಿನ ಕಾಯುವಿಕೆ ಮುಗಿದಿರುತ್ತದೆ. ಸೇವೆಯಲ್ಲಿರುವಾಗ ಸರ್ಕಾರವೇ ನೋಡಿಕೊಳ್ಳುತ್ತದೆ, ಎರಡೆರಡು ಕಡೆ ದುಡ್ಡು ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಮಗಳ ಮದುವೆ, ಮನೆ ಸಾಲ, ಮಗನ ಕಾಲೇಜು ಫೀಸು ಎಲ್ಲ ಒಟ್ಟಿಗೆ ಬಂದಿರುವ ವಯಸ್ಸದು. ಆದರೂ ಆ ಮೂರು ವರ್ಷದ ಕಂತು ಕಟ್ಟುವುದು ಆ ಮೂರು ವರ್ಷಕ್ಕಲ್ಲ.

ಫಾರಂ ತುಂಬುವಾಗ ಸತ್ಯವನ್ನೇ ಬರೆಸಬೇಕು. ಸಕ್ಕರೆ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆ ಮುಚ್ಚಿಡುವಂಥ ಗುಟ್ಟೇನಲ್ಲ, ಆದರೂ 'ಇಲ್ಲ ಅಂತ ಬರ್ಕೊಳ್ಳಿ, ಪಾಲಿಸಿ ಬೇಗ ಬರ್ಲಿ' ಎನ್ನುವವರು ಮೇಜಿನ ಎರಡೂ ಕಡೆ ಇದ್ದಾರೆ. ಪಾಲಿಸಿ ಬೇಗ ಬರುತ್ತದೆ, ಕ್ಲೇಮು ಬರುವುದಿಲ್ಲ. ಕೈಗೆ ಬಂದ ಪಾಲಿಸಿ ಹಿಡಿಸದಿದ್ದರೆ ಮೂವತ್ತು ದಿನದೊಳಗೆ ಹಿಂತಿರುಗಿಸಬಹುದು. ಅಷ್ಟರಲ್ಲಿ ಕೋಣೆ ಬಾಡಿಗೆಯ ಸಾಲನ್ನಾದರೂ ಓದಬೇಕು. ದಿನಕ್ಕೆ 3,000 ಮಿತಿಯಿರುವವರು 6,000ದ ಕೋಣೆ ಹಿಡಿದರೆ ಎಷ್ಟೋ ಪಾಲಿಸಿಗಳಲ್ಲಿ ಬಾಡಿಗೆ ಮಾತ್ರವಲ್ಲ, ವೈದ್ಯರ ಫೀಸು, ಆಪರೇಷನ್ ಕೊಠಡಿಯ ಖರ್ಚಿನಲ್ಲೂ ಅರ್ಧಕ್ಕೆ ಕತ್ತರಿ ಬೀಳುತ್ತದೆ.

ಇನ್ನು ಊರು. ಶ್ರೀರಂಗಪಟ್ಟಣದವರಿಗೆ ಮೈಸೂರು ಪಕ್ಕದಲ್ಲೇ ಇದೆ, ಪಾಂಡವಪುರದವರಿಗೂ ದೂರವಲ್ಲ. ನಾಗಮಂಗಲದವರಿಗೆ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಕೆ.ಆರ್. ಪೇಟೆಯವರು ದೊಡ್ಡ ಚಿಕಿತ್ಸೆಗೆ ಮೈಸೂರು, ಮಂಡ್ಯ, ಹಾಸನ ಎಂದು ಮೂರು ದಿಕ್ಕು ನೋಡಬೇಕು. ಪಾಲಿಸಿಯ ನಗದುರಹಿತ ಪಟ್ಟಿಯಲ್ಲಿ ಬೆಂಗಳೂರಿನ ನೂರಾರು ಆಸ್ಪತ್ರೆಗಳಿದ್ದು, ರಾತ್ರಿ ಹನ್ನೊಂದಕ್ಕೆ ಎದೆ ನೋವು ಬಂದರೆ ಕಾರು ತಲುಪಬಹುದಾದ ಆಸ್ಪತ್ರೆ ಇಲ್ಲದಿದ್ದರೆ ಆ ಪಟ್ಟಿಯಿಂದ ಏನು ಫಲ? ಅಂಥ ರಾತ್ರಿ ಮೊದಲು ತಾಲ್ಲೂಕು ಆಸ್ಪತ್ರೆಗೇ ಓಡುವುದು ಒಳ್ಳೆಯದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ನೋಡಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಅಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಅದಕ್ಕೆ ಎಪಿಎಲ್, ಬಿಪಿಎಲ್, ಪಾಲಿಸಿ ಯಾವುದೂ ಬೇಡ.

ಇದೆಲ್ಲ ಮನೆಯವರು ಮಾಡಿಕೊಳ್ಳಬೇಕಾದ ಲೆಕ್ಕ. ಸರ್ಕಾರ ಮಾಡಬೇಕಾದ ಲೆಕ್ಕವೂ ಒಂದಿದೆ. ನಿವೃತ್ತರಿಗೆ 'ಸಂಧ್ಯಾ ಕಿರಣ' ಎಂಬ ಯೋಜನೆಯ ಹೆಸರು ವರ್ಷಗಳಿಂದ ಕೇಳಿಬರುತ್ತಿದೆ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗ 2024ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ, ಅದು ಬರುವವರೆಗೆ ಪಿಂಚಣಿದಾರರಿಗೆ ತಿಂಗಳಿಗೆ 500 ರೂಪಾಯಿ ವೈದ್ಯಕೀಯ ಭತ್ಯೆ ಕೊಡಿ ಎಂದು ಶಿಫಾರಸು ಮಾಡಿತ್ತು. ಐನೂರು ರೂಪಾಯಿ ಬಿಪಿ ಮಾತ್ರೆಗಾದೀತು, ಆಸ್ಪತ್ರೆಗೆ ಆಗದು.

ಗಡಿಯಾಚೆ ನೋಡಿದರೆ ಇನ್ನೂ ಇರುಸುಮುರುಸಾಗುತ್ತದೆ. ಕೇರಳ 2022ರ ಜುಲೈ 1ರಿಂದ 'ಮೆಡಿಸೆಪ್' ಆರಂಭಿಸಿತು. ನೌಕರರೂ ಪಿಂಚಣಿದಾರರೂ ಒಂದೇ ಗುಂಪಿನಲ್ಲಿ. ಶುರುವಿನಲ್ಲಿ ತಿಂಗಳಿಗೆ 500 ರೂಪಾಯಿ ಕಂತು, 3 ಲಕ್ಷದ ರಕ್ಷಣೆ. ಪಟ್ಟಿಯಲ್ಲಿ ಆಸ್ಪತ್ರೆ ಸಾಲದು ಎಂಬ ದೂರು ಅಲ್ಲೂ ಇದೆ. ಆದರೂ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಿಗೆ ಅವರ ಸರ್ಕಾರದ ವಿಮೆಯಿದೆ, ಕೆ.ಆರ್. ಪೇಟೆಯಲ್ಲಿ ಅದೇ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಿಗೆ ಇಲ್ಲ.

ವಯಸ್ಸಾದವರನ್ನು ಸೇರಿಸಿದರೆ ಖರ್ಚು ಏರುತ್ತದೆ ಎಂಬ ವಾದ ಸುಳ್ಳಲ್ಲ. ಮುದುಕರನ್ನಷ್ಟೇ ಒಂದು ಗುಂಪು ಮಾಡಿದರೆ ಯಾವ ವಿಮೆಯೂ ನಿಲ್ಲುವುದಿಲ್ಲ. ಅದಕ್ಕೇ ಸೇವೆಯಲ್ಲಿರುವವರ ಜತೆ ಒಂದೇ ಗುಂಪು ಬೇಕು. ಇಂದು ಸಂಬಳದಿಂದ 350 ಕಡಿಸಿಕೊಳ್ಳುವ ಗುಮಾಸ್ತರೇ ನಾಳೆ ನವೆಂಬರ್ ಸಾಲಿನಲ್ಲಿ ನಿಲ್ಲುವವರು. ಪಿಂಚಣಿದಾರರು ಪುಕ್ಕಟೆ ಕೇಳುತ್ತಿಲ್ಲ. ಸಂಬಳದಿಂದ ಕಡಿಯುವಂತೆ ಪಿಂಚಣಿಯಿಂದಲೂ ಕಡಿದುಕೊಂಡು, ಬೇಕಾದರೆ ಸ್ವಲ್ಪ ಹೆಚ್ಚೇ ಪಡೆದು, ಕರ್ನಾಟಕ ಆರೋಗ್ಯ ಸಂಜೀವಿನಿಯಲ್ಲೇ ಮುಂದುವರಿಸಿದರೆ ಹೊಸ ಹೆಸರಿನ ಇನ್ನೊಂದು ಯೋಜನೆಯೇ ಬೇಡ.

ಕಂತು ಕಟ್ಟಿಸಿಕೊಂಡು ಚಿಕಿತ್ಸೆ ಕೊಡಿಸುವ ಪಾಠ ಮಂಡ್ಯಕ್ಕೆ ಹೊಸದೂ ಅಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ ಬಂತು. ಆಗ ತಲೆಗೆ ತಿಂಗಳಿಗೆ ಐದು ರೂಪಾಯಿ. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ರಕ್ಷಣೆ 5 ಲಕ್ಷ. ಮನೆಯಲ್ಲಿ ಯಾರಾದರೂ ಹಾಲಿನ ಡೇರಿಯಲ್ಲೋ ಕೃಷಿ ಪತ್ತಿನ ಸಂಘದಲ್ಲೋ ಸದಸ್ಯರಿದ್ದರೆ ಯಾರು ಅರ್ಹರು, ನೋಂದಣಿ ಯಾವಾಗ ಎಂದು ಸಂಘದ ಕಾರ್ಯದರ್ಶಿಯನ್ನು ಒಮ್ಮೆ ಕೇಳಿಬರುವುದರಲ್ಲಿ ನಷ್ಟವಿಲ್ಲ.

ಕೊನೆಗೆ ಮನೆಯೊಳಗಿನ ಒಂದು ವಿಷಯ. ಪಾಲಿಸಿ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿ, ಅವರ ಬೀರುವಿನಲ್ಲಿ, ಅವರಿಗೆ ಮಾತ್ರ ಗೊತ್ತಿರುವ ಫೈಲಿನಲ್ಲಿರುತ್ತದೆ. ಅವರೇ ಸ್ಟ್ರೆಚರಿನ ಮೇಲೆ ಮಲಗಿರುವಾಗ ನಂಬರು ಹೇಳುವವರಿಲ್ಲ. ಅವರು ತೀರಿಕೊಂಡ ಮೇಲೂ ಜತೆಗೆ ಸೇರಿದ್ದ ಹೆಂಡತಿ ಪಾಲಿಸಿ ಮುಂದುವರಿಸಬಹುದು, ಕಾದ ವರ್ಷಗಳು ವ್ಯರ್ಥವಾಗುವುದಿಲ್ಲ. ಗೊತ್ತಿಲ್ಲದೆ ಕೈಬಿಟ್ಟರೆ ಮತ್ತೆ ಒಂದರಿಂದ ಶುರು. ವರ್ಷದ ಕಂತಿಗೆ ಗಡುವು ದಾಟಿದ ಮೇಲೂ ಮೂವತ್ತು ದಿನ ಸಮಯವಿರುತ್ತದೆ, ಆದರೆ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮು ಸಿಗದೇ ಹೋಗಬಹುದು. ಅಡುಗೆಮನೆಯ ಬಾಗಿಲ ಹಿಂದೆ ನೇತಾಡುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯುವ ಜಾಗದಲ್ಲೇ ಪಾಲಿಸಿ ನಂಬರನ್ನೂ ಕಂತಿನ ತಾರೀಖನ್ನೂ ಬರೆದಿಟ್ಟರೆ, ಮನೆಯ ಹೆಂಗಸರ ಕಣ್ಣಿಗೆ ಅದು ದಿನಕ್ಕೆ ನಾಲ್ಕು ಸಲ ಬೀಳುತ್ತದೆ.